ಚಿಕಲಠಾಣಾ: ಹಲವು ಹೆಸರು ಕಂಡ ನಗರದಲ್ಲಿ ಜನ ಬೆರೆಯುವುದು ಎಲ್ಲಿ? ಇತಿಹಾಸ ಮತ್ತು ವರ್ತಮಾನ

ಛತ್ರಪತಿ ಸಂಭಾಜಿನಗರಕ್ಕೆ ವಿಮಾನದಲ್ಲಿ ಹೋದವರು ಇಳಿಯುವುದು ಚಿಕಲಠಾಣಾದಲ್ಲಿ. ಜಾಲ್ನಾ ರಸ್ತೆಯ ಈ ಊರು ಒಂದು ಕಾಲಕ್ಕೆ ನಗರದ ಹೊರಗಿನ ಹಳ್ಳಿಯಾಗಿತ್ತು. ವಿಮಾನ ನಿಲ್ದಾಣದ ಜೊತೆಗೆ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ (ಎಂಐಡಿಸಿ) ಕೈಗಾರಿಕಾ ಪ್ರದೇಶವೂ ಇಲ್ಲಿದೆ. ಬೆಂಗಳೂರಿಗೆ ಪೀಣ್ಯ ಇದ್ದ ಹಾಗೆ ಎಂದುಕೊಳ್ಳಬಹುದು. ವಾಳೂಜ್, ಶೇಂದ್ರಾ ಕೈಗಾರಿಕಾ ಪ್ರದೇಶಗಳು ಬೆಳೆದದ್ದು ಇದರ ನಂತರ.

2011ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 11.75 ಲಕ್ಷ. ಅದರಲ್ಲಿ ಹಿಂದೂಗಳು ಶೇ 51ರಷ್ಟು, ಮುಸ್ಲಿಮರು ಶೇ 31ರಷ್ಟು, ಬೌದ್ಧರು ಶೇ 15ರಷ್ಟು. ಮೂರು ಸಮುದಾಯಗಳು ಇಷ್ಟು ದೊಡ್ಡ ಪ್ರಮಾಣದಲ್ಲಿರುವ ನಗರ ದೇಶದಲ್ಲಿ ಅಪರೂಪ. ಆದರೆ ಅಂಕಿಸಂಖ್ಯೆಯಲ್ಲಿ ವೈವಿಧ್ಯ ಇದ್ದ ಮಾತ್ರಕ್ಕೆ ಜನ ಬೆರೆತಿದ್ದಾರೆ ಎಂದು ಹೇಳಲಾಗದು. ಹಲವು ಸಮುದಾಯಗಳು ತಮ್ಮ ಭಾಷೆ, ಧರ್ಮ, ಆಚರಣೆ ಉಳಿಸಿಕೊಂಡು ಒಂದೇ ಊರಲ್ಲಿ ಇರುವುದು ಬಹುಸಂಸ್ಕೃತಿ. ಅವರು ಒಂದೇ ಶಾಲೆ, ಒಂದೇ ಸಂಘ, ಒಂದೇ ವಠಾರದಲ್ಲಿ ಸಮಾನರಾಗಿ ಸೇರುವುದು ಬೆರೆಯುವಿಕೆ. 1971ರಲ್ಲಿ ಬಹುಸಂಸ್ಕೃತಿಯನ್ನು ಸರ್ಕಾರಿ ನೀತಿಯಾಗಿ ಘೋಷಿಸಿದ ಕೆನಡಾದಲ್ಲೂ ಚರ್ಚೆ ನಿಂತಿಲ್ಲ.

ಹೊರಗಿನಿಂದ ಬಂದವರು ಕಟ್ಟಿದ ಊರು

1610ರಲ್ಲಿ ಖಡ್ಕಿ ಎಂಬ ಹೆಸರಿನಲ್ಲಿ ಈ ನಗರವನ್ನು ಕಟ್ಟಿಸಿದ್ದು ಮಲಿಕ್ ಅಂಬರ್. ಇಥಿಯೋಪಿಯಾ ಮೂಲದ ಈತ ಗುಲಾಮನಾಗಿ ಮಾರಾಟವಾಗಿ ದಖ್ಖನಿಗೆ ಬಂದವನು. ಮುಂದೆ ಅಹ್ಮದ್‌ನಗರದ ನಿಜಾಮಶಾಹಿಯ ಪೇಶ್ವೆಯಾದ, ಮರಾಠಾ ಸವಾರರನ್ನು ಜೊತೆಗಿಟ್ಟುಕೊಂಡು ಮೊಘಲರನ್ನು ದೀರ್ಘಕಾಲ ತಡೆದು ನಿಲ್ಲಿಸಿದ. ನೆಲದಡಿಯ ಕಾಲುವೆಗಳಿಂದ ಊರಿಗೆ ನೀರು ತಂದವನೂ ಅವನೇ. 1626ರಲ್ಲಿ ಅವನ ಮಗ ಫತೇಖಾನ್ ಊರನ್ನು ಫತೇನಗರ ಎಂದು ಕರೆದ. 1653ರಲ್ಲಿ ದಖ್ಖನಿನ ಸುಬೇದಾರನಾಗಿ ಮರಳಿ ಬಂದ ಔರಂಗಜೇಬ್ ತನ್ನ ಹೆಸರಿಟ್ಟ.

ಕನ್ನಡಿಗರಿಗೆ ಈ ನೆಲ ಪರಕೀಯವಲ್ಲ. ನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರದ ಕೈಲಾಸ ದೇವಾಲಯ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನ ಕಾಲದ್ದು. ಬೌದ್ಧ, ಹಿಂದೂ, ಜೈನ ಗುಹೆಗಳು ಅಲ್ಲಿ ಒಂದೇ ಬೆಟ್ಟದ ಸಾಲಿನಲ್ಲಿವೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ‘ಕವಿರಾಜಮಾರ್ಗ’ ಹೇಳಿದ ಆ ಗೋದಾವರಿ ಇಲ್ಲಿನ ಪೈಠಣದ ಪಕ್ಕದಲ್ಲೇ ಹರಿಯುತ್ತದೆ. ಹತ್ತಿರದ ನೆನಪೂ ಇದೆ. 1956ರ ನವೆಂಬರ್ 1ರವರೆಗೆ ಔರಂಗಾಬಾದ್, ಕಲಬುರಗಿ, ಬೀದರ್, ರಾಯಚೂರು ಎಲ್ಲವೂ ಹೈದರಾಬಾದ್ ರಾಜ್ಯದಲ್ಲಿದ್ದವು. ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕದಲ್ಲಿ ಬಾವುಟ ಏರುವ ಹೊತ್ತಿಗೆ ಅಲ್ಲಿಯೂ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ. ಹಳೆ ನಗರದಲ್ಲಿ ಕೇಳಿಸುವ ದಖ್ಖನಿ ಉರ್ದು ಕಲಬುರಗಿಯವರ ಕಿವಿಗೆ ಹೊಸದಲ್ಲ. ಬೇಡ ಎನ್ನುವುದಕ್ಕೆ ಎರಡೂ ಕಡೆ ‘ನಕ್ಕೋ’ ಎನ್ನುತ್ತಾರೆ. ಆ ಪದ ಬಂದಿರುವುದು ಮರಾಠಿಯ ‘ನಕೋ’ದಿಂದ. ಸರ್ಕಾರದ ಯಾವ ಯೋಜನೆಯೂ ಇಲ್ಲದೆ ಭಾಷೆ ಮಾಡಿಕೊಂಡ ಬೆರಕೆ ಇದು.

ಹೆಸರಿನ ಎರಡು ಹೋರಾಟ

ಈ ನಗರದಲ್ಲಿ ಯಾರು ಸೇರಿದವರು, ಯಾರು ಹೊರಗಿನವರು ಎಂಬ ಜಗಳ ಮತ್ತೆ ಮತ್ತೆ ಹೆಸರಿನ ರೂಪದಲ್ಲೇ ಬಂದಿದೆ. ಮೊದಲನೆಯದು ವಿಶ್ವವಿದ್ಯಾಲಯದ್ದು. ಡಾ. ಬಿ.ಆರ್. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ 1950ರಲ್ಲಿ ಇಲ್ಲಿ ಕಾಲೇಜು ತೆರೆಯಿತು. ಅದೇ ಇಂದಿನ ಮಿಲಿಂದ ಕಾಲೇಜು. ಮರಾಠವಾಡಾದ ದಲಿತರಲ್ಲಿ ಮೊದಲ ಪದವೀಧರರ ತಲೆಮಾರು ಬೆಳೆಯಲು ಅದು ದಾರಿಯಾಯಿತು. 1958ರಲ್ಲಿ ಮರಾಠವಾಡಾ ವಿಶ್ವವಿದ್ಯಾಲಯ ಆರಂಭವಾಯಿತು. ಅದಕ್ಕೆ ಅಂಬೇಡ್ಕರ್ ಹೆಸರಿಡಲು 1978ರ ಜುಲೈನಲ್ಲಿ ಮಹಾರಾಷ್ಟ್ರ ವಿಧಾನಮಂಡಲ ನಿರ್ಣಯ ಅಂಗೀಕರಿಸಿದಾಗ ಮರಾಠವಾಡಾದ ಹಳ್ಳಿಗಳಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು, ಜೀವಗಳು ಹೋದವು. ನಿರ್ಣಯ ಜಾರಿಗೆ ಬರಲು 16 ವರ್ಷ ಬೇಕಾಯಿತು. 1994ರ ಜನವರಿ 14ರಂದು ಅದು ‘ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯ’ವಾಯಿತು. ಹಳೆ ಹೆಸರು ತೆಗೆಯಲಿಲ್ಲ, ಹೊಸದನ್ನು ಸೇರಿಸಿದರು. ಆ ‘ನಾಮವಿಸ್ತಾರ’ದಿಂದ ಎಲ್ಲರಿಗೂ ಪೂರ್ತಿ ಸಮಾಧಾನ ಆಗಲಿಲ್ಲ, ಆದರೆ ಯಾರ ಹೆಸರೂ ಅಳಿಸಿಹೋಗಲಿಲ್ಲ.

ನಗರದ ಹೆಸರಿನ ವಿಷಯದಲ್ಲಿ ಅಂಥ ಮಧ್ಯದ ದಾರಿ ಸಿಗಲಿಲ್ಲ. 1988ರಲ್ಲಿ ಬಾಳ್ ಠಾಕ್ರೆ ಇದನ್ನು ಸಂಭಾಜಿನಗರ ಎಂದು ಕರೆದರು. ಛತ್ರಪತಿ ಸಂಭಾಜಿ ಮಹಾರಾಜರನ್ನು 1689ರಲ್ಲಿ ಔರಂಗಜೇಬ್ ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ್ದ. ಹಾಗಾಗಿ ಮರಾಠಿಗರಲ್ಲಿ ಬಹುಮಂದಿಗೆ ಇದು ಬರೀ ಫಲಕ ಬದಲಿಸುವ ಮಾತಾಗಿರಲಿಲ್ಲ. 2022ರಲ್ಲಿ ರಾಜ್ಯ ಸಚಿವ ಸಂಪುಟ ಹೆಸರು ಬದಲಿಸಲು ತೀರ್ಮಾನಿಸಿತು, 2023ರ ಫೆಬ್ರುವರಿ 24ರಂದು ಕೇಂದ್ರದ ಒಪ್ಪಿಗೆ ಬಂತು. 2024ರಲ್ಲಿ ಬಾಂಬೆ ಹೈಕೋರ್ಟ್ ಮರುನಾಮಕರಣವನ್ನು ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಕಾನೂನಿನ ಮಟ್ಟಿಗೆ ವಿಷಯ ಮುಗಿದಿದೆ. ಗುಲ್ಬರ್ಗ 2014ರಲ್ಲಿ ಕಲಬುರಗಿಯಾದಾಗ, ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾದಾಗ ನಾವೂ ಇಂಥ ಬದಲಾವಣೆ ಕಂಡಿದ್ದೇವೆ. ಆದರೆ ಅಲ್ಲಿನಷ್ಟು ಕಾವು ಇಲ್ಲಿ ಏರಿರಲಿಲ್ಲ.

ಎದುರು ಸಿಕ್ಕರೆ ಸಾಕೇ?

ಹಳೆ ನಗರದ ರೋಷನ್ ಗೇಟ್, ಕಿರಾಡ್‌ಪುರ ಭಾಗಗಳಲ್ಲಿ ಮುಸ್ಲಿಮರು ಹೆಚ್ಚು, ಭೀಮನಗರದ ಸುತ್ತ ಬೌದ್ಧರು, ಸಿಡ್ಕೊ, ಗಾರ್ಖೇಡಾ ಬಡಾವಣೆಗಳಲ್ಲಿ ಮರಾಠಿ ಹಿಂದೂಗಳು. ಸಂತೆ, ಆಟೊ, ಆಸ್ಪತ್ರೆಯಲ್ಲಿ ಎಲ್ಲರೂ ದಿನವೂ ಎದುರಾಗುತ್ತಾರೆ. ಅಷ್ಟು ಸಾಲದು ಎನ್ನುತ್ತಾರೆ ರಾಜಕೀಯ ಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೇಯ. ಅಲಿಗಢ ಮತ್ತು ಕಲ್ಲಿಕೋಟೆ, ಹೈದರಾಬಾದ್ ಮತ್ತು ಲಖನೌ, ಅಹಮದಾಬಾದ್ ಮತ್ತು ಸೂರತ್ ನಗರಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದ ಅವರ ಪುಸ್ತಕ 2002ರಲ್ಲಿ ಬಂತು. ಹಳ್ಳಿಯಲ್ಲಿ ನೆರೆಹೊರೆಯ ಪರಿಚಯ ಗಲಭೆ ತಡೆಯಬಲ್ಲದು. ನಗರದಲ್ಲಿ ಅದು ಸಾಕಾಗದು. ವ್ಯಾಪಾರಿಗಳ ಸಂಘ, ಕಾರ್ಮಿಕ ಸಂಘ, ಓದುಗರ ಬಳಗದಂಥ ಕಡೆ ಎರಡೂ ಸಮುದಾಯದವರು ಸದಸ್ಯರಾಗಿರಬೇಕು ಎಂಬುದು ಅವರ ವಾದ.

ಇದಕ್ಕೆ ಮಹಾರಾಷ್ಟ್ರದಲ್ಲೇ ಉದಾಹರಣೆಯಿದೆ. 1970 ಮತ್ತು 1984ರಲ್ಲಿ ಭೀಕರ ಗಲಭೆ ಕಂಡಿದ್ದ ಭಿವಂಡಿಯಲ್ಲಿ 1988ರ ನಂತರ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ರಚಿಸಿದರು. ಎರಡೂ ಸಮುದಾಯದ ಸಾಮಾನ್ಯ ಜನರನ್ನು ಠಾಣೆಯ ಸಿಬ್ಬಂದಿಯ ಜೊತೆ ಆಗಾಗ ಕೂರಿಸಿ ಸಣ್ಣ ತಕರಾರುಗಳನ್ನು ಅಲ್ಲೇ ಬಗೆಹರಿಸುವುದು ಅವುಗಳ ಕೆಲಸ. 1992–93ರಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು.

ಕಾನೂನಿನಿಂದ ಬೆರೆಸುವ ಪ್ರಯತ್ನವೂ ನಡೆದಿದೆ. ಸಿಂಗಪುರದಲ್ಲಿ 1989ರಿಂದ ಸರ್ಕಾರಿ ವಸತಿ ಕಟ್ಟಡಗಳಲ್ಲಿ ಪ್ರತಿ ಜನಾಂಗಕ್ಕೂ ಮಿತಿ ಇದೆ. ಉದಾಹರಣೆಗೆ ಒಂದು ಕಟ್ಟಡದಲ್ಲಿ ಮಲಯರು ಶೇ 25ಕ್ಕಿಂತ ಹೆಚ್ಚಿರುವಂತಿಲ್ಲ. ಇದರಿಂದ ಕೇರಿಗಳು ಬೆಳೆಯಲಿಲ್ಲ, ಆದರೆ ಅಲ್ಪಸಂಖ್ಯಾತರಿಗೆ ಮನೆ ಮಾರುವಾಗ ಗಿರಾಕಿ ಸಿಗುವುದು ಕಷ್ಟವಾಯಿತು. ಗುಜರಾತಿನ 1991ರ ಕಾಯ್ದೆ ತದ್ವಿರುದ್ಧ. ಗಲಭೆಯ ಭಯದಲ್ಲಿ ಜನ ಸಿಕ್ಕಷ್ಟಕ್ಕೆ ಮನೆ ಮಾರದಿರಲಿ ಎಂದು ತಂದ ಕಾಯ್ದೆ, ‘ಗಲಭೆಪೀಡಿತ ಪ್ರದೇಶ’ಗಳಲ್ಲಿ ಆಸ್ತಿ ಮಾರಾಟಕ್ಕೆ ಜಿಲ್ಲಾಧಿಕಾರಿಯ ಅನುಮತಿ ಕಡ್ಡಾಯ ಮಾಡಿತು. ಒಂದು ಸಮುದಾಯದವರು ಇನ್ನೊಂದು ಸಮುದಾಯದ ಬಡಾವಣೆಯಲ್ಲಿ ಮನೆ ಕೊಳ್ಳುವುದೇ ಇದರಿಂದ ಕಷ್ಟವಾಗಿದೆ ಎಂಬ ಟೀಕೆ ಇದೆ.

ಈ ಲೆಕ್ಕದಲ್ಲಿ ಚಿಕಲಠಾಣಾದಂಥ ಜಾಗಕ್ಕೆ ವಿಶೇಷ ಮಹತ್ವವಿದೆ. ಕಾರ್ಖಾನೆಯ ಪಾಳಿ ಯಾರ ಜಾತಿಯನ್ನೂ ನೋಡಿ ಶುರುವಾಗುವುದಿಲ್ಲ. ಕಾರ್ಮಿಕ ಸಂಘಕ್ಕೆ ಸೇರಿದರೆ ಬೋನಸ್ ಬೇಡಿಕೆ ಎಲ್ಲರದ್ದೂ ಒಂದೇ. ಆದರೆ ಕಾಯಂ ನೌಕರಿ ಕಡಿಮೆಯಾಗಿ ಗುತ್ತಿಗೆ ಹೆಚ್ಚಾದ ಹಾಗೆ ಈ ಕೊಂಡಿ ಸಡಿಲವಾಗುತ್ತದೆ. ಗುತ್ತಿಗೆದಾರ ತನ್ನ ಊರಿನವರನ್ನು, ತನ್ನ ಪರಿಚಯದವರನ್ನು ಕರೆತರುವುದು ದೇಶದ ಎಲ್ಲ ಕೈಗಾರಿಕಾ ಪ್ರದೇಶಗಳಲ್ಲೂ ಕಾಣುವ ರೂಢಿ. ಪೀಣ್ಯವೂ ಇದಕ್ಕೆ ಹೊರತಲ್ಲ. ಆರು ತಿಂಗಳಿಗೆ ಬಂದು ಹೋಗುವವನಿಗೆ ಸಂಘವೂ ಇಲ್ಲ, ಪಕ್ಕದವನ ಹೆಸರು ಕಲಿಯುವಷ್ಟು ವ್ಯವಧಾನವೂ ಇಲ್ಲ.

ಎಲ್ಲ ಬಡಾವಣೆಯವರೂ ಕಡ್ಡಾಯವಾಗಿ ಒಟ್ಟಿಗೆ ಕೂರುವ ಇನ್ನೊಂದು ಜಾಗ ಮಹಾನಗರ ಪಾಲಿಕೆಯ ಸಭಾಂಗಣ. 2015ರ ಚುನಾವಣೆಯಲ್ಲಿ ಶಿವಸೇನೆ ಮೊದಲ ಸ್ಥಾನದಲ್ಲಿತ್ತು, ಎಐಎಂಐಎಂ ಎರಡನೇ ದೊಡ್ಡ ಪಕ್ಷವಾಯಿತು. ಜಗಳವಾಡಿದರೂ ಎದುರುಬದುರು ಕೂತು ಆಡಿದರು. ಹಲವು ದಿನಗಳಿಗೊಮ್ಮೆ ಬರುವ ಜಾಯಕವಾಡಿ ಜಲಾಶಯದ ನೀರು ಎಲ್ಲ ವಾರ್ಡ್‌ಗಳ ದೂರೂ ಆಗಿತ್ತು. 2020ರ ಏಪ್ರಿಲ್‌ನಲ್ಲಿ ಆ ಪಾಲಿಕೆಯ ಅವಧಿ ಮುಗಿಯಿತು. ನಂತರ ಐದು ವರ್ಷಕ್ಕೂ ಹೆಚ್ಚು ಕಾಲ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳೇ ನಗರ ನಡೆಸಿದರು. ನಗರದ ಹೆಸರು ಬದಲಾದದ್ದು ಈ ಅವಧಿಯಲ್ಲೇ. 2023ರ ಮಾರ್ಚ್ ಕೊನೆಗೆ, ರಾಮನವಮಿಯ ಹಿಂದಿನ ರಾತ್ರಿ ಕಿರಾಡ್‌ಪುರದಲ್ಲಿ ಹಿಂಸಾಚಾರ ನಡೆದಾಗಲೂ ಜನರನ್ನು ಕರೆದು ಕೂರಿಸಲು ಆ ವಾರ್ಡಿಗೆ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ.