ಕಾರಹುಣ್ಣಿಮೆ, ಏರುವಾಕ ಮತ್ತು ಪರ್ಣಶಾಲೆಗಳ ಹಬ್ಬ: ಆದವಾನಿ ಸೀಮೆಯಿಂದ ಒಂದು ತೌಲನಿಕ ನೋಟ

ಪ್ರಾಚೀನ ಯಹೂದಿಗಳ ಹಬ್ಬಗಳಿಗೂ ನೆರೆಯ ಕಾನಾನ್ಯರ ಹಬ್ಬಗಳಿಗೂ ಹೋಲಿಕೆ ಕಂಡೊಡನೆ, ಯಾರಿಂದ ಯಾರು ಪಡೆದರು ಎಂಬ ಚರ್ಚೆ ಏಳುತ್ತದೆ. ಕನ್ನಡ, ತೆಲುಗು ಎರಡೂ ಬೆರೆತ ಗಡಿಯ ಆದವಾನಿ ಸೀಮೆಯಲ್ಲಿ ನಿಂತು ನೋಡಿದರೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಒಂದೇ ನೆಲದ ಹಬ್ಬ ಒಬ್ಬರದಷ್ಟೇ ಆಗುವುದು ಯಾವಾಗ?

ಜ್ಯೇಷ್ಠದ ಹುಣ್ಣಿಮೆ ಕನ್ನಡ ಒಕ್ಕಲಿಗೆ ಕಾರಹುಣ್ಣಿಮೆ, ತೆಲುಗು ರೈತನಿಗೆ ಏರುವಾಕ. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಗೊಂಡೆ ಕಟ್ಟುತ್ತಾರೆ. ಕನ್ನಡ ಪದ್ಧತಿಯಲ್ಲಿ ಬೇವಿನ ಸೊಪ್ಪು, ಕೊಬ್ಬರಿ ಸಿಕ್ಕಿಸಿದ ‘ಕರಿ’ ಎಂಬ ಹಗ್ಗವನ್ನು ಊರ ಬಾಗಿಲಾದ ಅಗಸೆಗೆ ಅಡ್ಡ ಕಟ್ಟಿ, ಸಂಜೆ ಎತ್ತು ಓಡಿಸಿ ಕರಿ ಹರಿಯುತ್ತಾರೆ. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಮುಂಗಾರು ಚೆಂದವೋ ಹಿಂಗಾರು ಚೆಂದವೋ ಹೇಳುತ್ತಾರೆ. ತೆಲುಗು ಪದ್ಧತಿಯಲ್ಲಿ ಪುಂಡಿನಾರಿನ ತೋರಣವನ್ನು ಚಾಟಿಯಿಂದ ಹೊಡೆದು ಹರಿದು, ಕೈಗೆ ಸಿಕ್ಕ ನಾರನ್ನು ನೇಗಿಲಿಗೋ ಎತ್ತಿನ ಕೊರಳಿಗೋ ಕಟ್ಟುತ್ತಾರೆ. ಇಲ್ಲಿ ಎರವಲು ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ಎರಡಕ್ಕೂ ಮಳೆಯೇ ಮೂಲ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದವು. ಎರೆಹೊಲದ ಹದ ಮಾತ್ರ ಗಡಿಯ ಎರಡೂ ಕಡೆ ಒಂದೇ.

ಬೈಬಲಿನಲ್ಲೂ ಇಂಥ ಜೋಡಿಯಿದೆ. ನ್ಯಾಯಸ್ಥಾಪಕರ ಗ್ರಂಥದ 9ನೆಯ ಅಧ್ಯಾಯದಲ್ಲಿ ಕಾನಾನ್ಯರ ಊರಾದ ಶೆಕೆಮಿನವರು ದ್ರಾಕ್ಷಿ ಕೊಯ್ದು ತುಳಿದು ತಮ್ಮ ದೇವರ ಗುಡಿಯಲ್ಲಿ ಉಂಡು ಕುಡಿಯುತ್ತಾರೆ. 21ನೆಯದರಲ್ಲಿ ಇಸ್ರಾಯೇಲರ ಶೀಲೋವಿನ ಹೆಣ್ಣುಮಕ್ಕಳು ವರ್ಷದ ಹಬ್ಬಕ್ಕೆ ದ್ರಾಕ್ಷಿತೋಟಗಳ ಬಳಿ ಕುಣಿಯುತ್ತಾರೆ. ವಿಮೋಚನಕಾಂಡದ 23ನೆಯ ಅಧ್ಯಾಯಕ್ಕೆ ಇಸ್ರಾಯೇಲರ ಇಂಥ ಹಬ್ಬ ವರ್ಷಾಂತ್ಯದಲ್ಲಿ ಬೆಳೆ ಕೂಡಿಸುವ ಹಬ್ಬ. ಯಾಜಕಕಾಂಡದ 23ರಲ್ಲಿ ಏಳು ದಿನದ ಪರ್ಣಶಾಲೆ (ಎಲೆಗುಡಿಸಲು) ವಾಸಕ್ಕೆ ಈಜಿಪ್ಟಿನಿಂದ ಹೊರಬಂದ ನೆನಪು ಕಾರಣವಾಗುತ್ತದೆ. ಧರ್ಮೋಪದೇಶಕಾಂಡದ 16 ಹಬ್ಬವನ್ನು ದೇವರು ಆರಿಸಿದ ಸ್ಥಳಕ್ಕೆ ಕಟ್ಟುತ್ತದೆ. ಕಥೆ, ನೆಲೆ ಎರಡೂ ಕೂಡಿದ ಮೇಲೆ ಹಬ್ಬ ಇಸ್ರಾಯೇಲರದೇ ಗುರುತಾಯಿತು. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದಾಗ ನೆಲೆ ಹೋಯಿತು. ಕಥೆಯ ಬಲದಿಂದಲೇ ಪರ್ಣಶಾಲೆ ಮನೆಯಂಗಳದಲ್ಲಿ ಉಳಿದುಬಂತು.

ಕಾರಹುಣ್ಣಿಮೆ ಇವೆರಡರ ಆಸರೆ ಬೇಡದ ಹಬ್ಬ. ಊರ ಅಗಸೆಯೇ ಸಾಕು. ಇದೇ ಸೀಮೆಯ ಹೊಳಗುಂದ ಮಂಡಲದ ದೇವರಗಟ್ಟಿನ ಹಬ್ಬದಲ್ಲಿ ಮಾತ್ರ ಕಥೆ, ನೆಲೆ ಎರಡೂ ಇವೆ. ಮಣಿ, ಮಲ್ಲಾಸುರರನ್ನು ಕೊಂದ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ವಿಜಯದಶಮಿಯ ರಾತ್ರಿ ನೆರಣಿಕಿ, ನೆರಣಿಕಿ ತಾಂಡಾ, ಕೊತ್ತಪೇಟೆಯವರು ಒಂದು ಕಡೆ, ಸುತ್ತಲ ಊರಿನವರು ಇನ್ನೊಂದು ಕಡೆ ಬಡಿಗೆ ಹಿಡಿದು ನಿಲ್ಲುತ್ತಾರೆ. ತಲೆಗಳು ಒಡೆಯುತ್ತವೆ, ಪ್ರಾಣ ಹೋದದ್ದೂ ಉಂಟು. ಇದು ನೋವಿನ ಸಂಗತಿ. ದೈವದ ಕಥೆಯನ್ನು ಎರಡೂ ಕಡೆಯವರು ಒಂದೇ ರೀತಿ ನಂಬುತ್ತಾರೆ. ಬಡಿದಾಟವೆಲ್ಲ ಮೂರ್ತಿ ಯಾರ ವಶದಲ್ಲಿರಬೇಕು ಎಂಬುದಕ್ಕೆ.