ತರಿಯಿಂದ ನುಣುಪಿಗೆ: ಅಡುಗೆಮನೆಯ ಕಲ್ಲಿನ ಕಥೆ

ಅಡುಗೆಮನೆಗೆ ಕಲ್ಲು ಹೊಸತಲ್ಲ. ಒರಳು, ರುಬ್ಬುವ ಗುಂಡು, ಬೀಸುವ ಕಲ್ಲು ಇಲ್ಲದ ಮನೆ ಒಂದು ಕಾಲಕ್ಕೆ ಅಪರೂಪವಾಗಿತ್ತು. ಆ ಕಲ್ಲುಗಳಿಗೆ ತರಿಯೇ ಜೀವ. ಸವೆದು ನುಣುಪಾದರೆ, ಉಳಿ ಸುತ್ತಿಗೆ ಹಿಡಿದು ಬೀದಿಯಲ್ಲಿ ಕೂಗುತ್ತ ಬರುವವರನ್ನು ಕರೆದು ಮತ್ತೆ ಕುಟ್ಟಿಸಬೇಕಿತ್ತು. ಇಂದು ಮನೆ ಕಟ್ಟಿಸುವವರು ಅಂಗಡಿಯಲ್ಲಿ ಕೈಯಾಡಿಸಿ ಹುಡುಕುವುದು ನುಣುಪನ್ನು! ಈ ಬದಲಾವಣೆ ಆದದ್ದು ಹೇಗೆ?

ನೆಲದ ಒಲೆಯ ಮುಂದೆ ಕುಳಿತು ಬೇಯಿಸುವಾಗ ಎತ್ತರದ ಕಟ್ಟೆ ಬೇಕಿರಲಿಲ್ಲ. ಗ್ಯಾಸ್ ಒಲೆ ಬಂದಂತೆ ಗೃಹಿಣಿ ಎದ್ದು ನಿಂತಳು. ಜೊತೆಗೆ ಸೊಂಟದೆತ್ತರಕ್ಕೆ ಕಟ್ಟೆಯೂ ಎದ್ದಿತು. ಎಷ್ಟೋ ಮನೆಗಳಲ್ಲಿ ಅದಕ್ಕೆ ಹಾಸಿದ್ದು ಕಡಪ ಕಲ್ಲು ಅಥವಾ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು. ಪದರ ಪದರವಾಗಿ ಏಳುವ ಇವು ಅಗ್ಗ. ಆದರೆ ಎರಡೂ ಸುಣ್ಣಕಲ್ಲಿನ ಜಾತಿ. ಸುಣ್ಣಕ್ಕೂ ಹುಳಿಗೂ ಆಗಿಬರುವುದಿಲ್ಲ. ನಿಂಬೆರಸ, ಹುಣಸೆಹುಳಿ ಬಿದ್ದಲ್ಲಿ ಹೊಳಪು ಮಾಸುತ್ತದೆ. ಅಮೃತಶಿಲೆಯ ಪಾಡೂ ಇದೇ.

ಗ್ರಾನೈಟ್ ಹಾಗಲ್ಲ. ಭೂಮಿಯೊಳಗೆ ಶಿಲಾರಸ ನಿಧಾನವಾಗಿ ತಣಿದು ಹರಳುಗಟ್ಟಿದ ಈ ಕಲ್ಲು ಸಾರಿನ ಹುಳಿಗೆ ಜಗ್ಗದು. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಹೆಸರುವಾಸಿ. (ಕಪ್ಪು ಕಲ್ಲನ್ನು ವ್ಯಾಪಾರದಲ್ಲಿ ಗ್ರಾನೈಟ್ ಎಂದರೂ ಭೂವಿಜ್ಞಾನಿಗಳು ಅದನ್ನು ಡಾಲರೈಟ್ ಎನ್ನುತ್ತಾರೆ.) ಇಷ್ಟು ಗಟ್ಟಿ ಕಲ್ಲನ್ನು ತೆಳುವಾಗಿ ಸೀಳುವುದು ವಜ್ರದ ಕಣ ಕೂರಿಸಿದ ಗರಗಸಗಳಿಂದ ಸುಲಭವಾಯಿತು.

ಹೊಳಪಿನಲ್ಲೂ ಬಗೆಗಳುಂಟು. ಕನ್ನಡಿಯಂತೆ ಉಜ್ಜಿದ ಕಲ್ಲನ್ನು ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ‘ಲೆದರ್ ಫಿನಿಶ್’ ಬ್ರಷ್‌ನಿಂದ ಉಜ್ಜಿದ್ದು; ಬೆರಳಚ್ಚು ಕಾಣದು, ಆದರೆ ತಗ್ಗುಗಳಲ್ಲಿ ಜಿಡ್ಡು ನಿಲ್ಲಬಹುದು. ಬೆಂಕಿ ತಾಗಿಸಿ ಒರಟು ಮಾಡಿದ ಕಲ್ಲು ಅಂಗಳಕ್ಕೆ ಸರಿ, ಅಡುಗೆ ಕಟ್ಟೆಗಲ್ಲ.

ಈ ನುಣುಪಿಗೆ ಇನ್ನೊಂದು ಬೆಲೆ ಇದೆ. ಅದು ರಸೀದಿಯಲ್ಲಿ ಬರುವುದಿಲ್ಲ. ಗ್ರಾನೈಟ್ ಕೊಯ್ಯುವಾಗ ಏಳುವ ಸಿಲಿಕಾ ದೂಳು ಕೆಲಸಗಾರನ ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುತ್ತದೆ. ಈ ರೋಗ ವಾಸಿಯಾಗುವುದಿಲ್ಲ. ಕಲ್ಲುಪುಡಿಗೆ ಅಂಟು ಬೆರೆಸಿ ಮಾಡುವ ಕೃತಕ ‘ಕ್ವಾರ್ಟ್ಜ್’ ಹಲಗೆಗಳಲ್ಲಿ ಸಿಲಿಕಾ ಶೇ 90ರಷ್ಟಿರುವುದುಂಟು. ಅವನ್ನು ಕೊಯ್ದ ಯುವಕರು ಕಾಯಿಲೆ ಬಿದ್ದದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅವುಗಳನ್ನು ನಿಷೇಧಿಸಿತು.

ಕಟ್ಟೆಯ ಕಲ್ಲಿನಲ್ಲಿ ಸಿಂಕಿಗೆ ಜಾಗ ಕೊಯ್ಯುವುದು ಎಷ್ಟೋ ಸಲ ನಮ್ಮ ಮನೆಯೊಳಗೇ. ಆಗ ನೀರು ಹಾಯಿಸಿದರೆ ದೂಳು ಬಹಳಷ್ಟು ಅಡಗುತ್ತದೆ. ಮುಖಕ್ಕೆ ಸರಿಯಾದ ಮಾಸ್ಕ್ ಕೂಡ ಇರಬೇಕು. ಬಣ್ಣ ಆರಿಸಲು ನಾಲ್ಕು ಅಂಗಡಿ ಸುತ್ತುವ ನಾವು ಇಷ್ಟನ್ನು ಕೇಳಿ ಮಾಡಿಸಲಾರೆವೆ?