ರಾಜಧಾನಿ ನೋಡಲು ಹೊರಟ ಸಂಸಾರಗಳು

ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಸಂಸಾರಗಳು ದಸರಾಕ್ಕೆ ಮಕ್ಕಳುಮರಿ ಕಟ್ಟಿಕೊಂಡು ಮೈಸೂರಿಗೆ ಹೋಗುವುದು ತಲತಲಾಂತರದ ವಾಡಿಕೆ ಎಂದು ನಂಬುವುದು ಸುಲಭ. ದಸರಾ ಹಳೆಯದು, ನಿಜ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಈ ಉತ್ಸವ 1799ರ ನಂತರ ಮೈಸೂರಿಗೆ ಬಂತು. ಆದರೆ ಉತ್ಸವದ ವಯಸ್ಸೇ ಬೇರೆ, ಮನೆಮಂದಿಯೆಲ್ಲ ಸೇರಿ ರಾಜಧಾನಿ ಸುತ್ತುವ ಪ್ರವಾಸದ ವಯಸ್ಸೇ ಬೇರೆ. ಈ ಎರಡನೆಯದು ಬೆಳೆದದ್ದು ಸುಮಾರು 1890ರಿಂದ 1932ರ ನಡುವೆ. ಬೆಳೆಸಿದ್ದು ಬಹುಮಟ್ಟಿಗೆ ಸಂಸ್ಥಾನವೇ. ಅದಕ್ಕೆ ಮುಂಚೆ ಎದ್ದು ಕಾಣುವ ಓಡಾಟ ತಿರುಗುಮುರುಗಾಗಿತ್ತು: ಅರಮನೆಯೇ ನಂಜನಗೂಡಿಗೆ ಬರುತ್ತಿತ್ತು. ಟಿಪ್ಪು ಒಪ್ಪಿಸಿದನೆನ್ನುವ ಪಚ್ಚೆಯ ಲಿಂಗ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1845ರಲ್ಲಿ ಎದ್ದ ರಾಜಗೋಪುರ, ದಳವಾಯಿಗಳ ಕಾಲದ್ದೆಂದು ಹೇಳುವ ಕಪಿಲೆಯ ಕಲ್ಲುಸೇತುವೆ, ಇವೆಲ್ಲ ಆಳುವವರು ಶ್ರೀಕಂಠೇಶ್ವರನ ಬಾಗಿಲಿಗೆ ಬಂದುದರ ಗುರುತುಗಳು. ಅವರನ್ನು ನೋಡಲು ಊರಿನವರು ರಾಜಧಾನಿಯತನಕ ಹೋಗಲೇಬೇಕಾದ ಅಗತ್ಯ ಹೆಚ್ಚಿರಲಿಲ್ಲ.

ಮೈಸೂರಿನಲ್ಲಿ ನಮ್ಮ ಹಿರಿಯರು ನೋಡಿಬಂದೆವೆಂದು ಹೇಳುತ್ತಿದ್ದುದನ್ನು ಒಂದೊಂದಾಗಿ ತೆಗೆದು ಅದರ ಹುಟ್ಟಿದ ವರ್ಷ ಕೇಳಿ. ಮೃಗಾಲಯ 1892ರದು. ದಸರಾ ವಸ್ತುಪ್ರದರ್ಶನ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಳೆಯಿತು. ಶಿವನಸಮುದ್ರದ ಕರೆಂಟು ಮೈಸೂರಿನ ಬೀದಿಗೆ ಬಂದದ್ದು 1908ರಲ್ಲಿ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ನಕಾಶೆಯಂತೆ ಎದ್ದ ಇಂದಿನ ಅರಮನೆ ಮುಗಿದದ್ದು 1912ರಲ್ಲಿ. ಬೃಂದಾವನವಂತೂ ಕನ್ನಂಬಾಡಿ ಕಟ್ಟೆಯ ಜೊತೆಗೆ, 1930ರ ಆಚೀಚೆಗೆ ಸೇರಿಕೊಂಡದ್ದು. ರಾಜಧಾನಿಯ ದರ್ಶನವೆಂದು ಈಗ ಎಣಿಸುವುದರಲ್ಲಿ ಚಾಮುಂಡಿಬೆಟ್ಟ ಮತ್ತು ಅದರ ನಂದಿಯನ್ನು ಬಿಟ್ಟರೆ ಹೆಚ್ಚಿನದೆಲ್ಲ ಅದೇ ನಾಲ್ಕು ದಶಕಗಳ ಸರಕು. ಹುಲಿ, ವಿದ್ಯುದ್ದೀಪ, ಹೊಸ ಯಂತ್ರ, ನೇಯ್ಗೆಯ ಮಾದರಿಗಳೆಲ್ಲ ಹೆಂಗಸರು ಮಕ್ಕಳಿಗೂ ತೆರೆದಿದ್ದ ನೋಟಗಳು. ದರ್ಬಾರು ಹಾಗಲ್ಲ; ಒಳಗೆ ಆಸನವಿದ್ದವರಿಗಷ್ಟೇ ಅದು ಸಭೆ, ಮಿಕ್ಕವರಿಗೆ ಬರೀ ಸುದ್ದಿ.

ಹಾಗಾದರೆ ರೈಲಿನ ಪಾತ್ರವೇನು? ಬೆಂಗಳೂರಿನಿಂದ 1882ರಲ್ಲಿ ಮೈಸೂರು ಮುಟ್ಟಿದ ಹಳಿ 1891ರಲ್ಲಿ ನಂಜನಗೂಡಿಗೆ ಚಾಚಿತು, 1926ರಲ್ಲಿ ಚಾಮರಾಜನಗರಕ್ಕೆ. ಯಾತ್ರಿಕರು ದೇವರನ್ನು ನೋಡಲು ಇಳಿದ ಗಾಡಿಯಲ್ಲೇ ಊರಿನವರು ಪಟ್ಟಣ ನೋಡಲು ಹತ್ತಿದರು. ಇಲ್ಲೊಂದು ಗಟ್ಟಿ ಆಕ್ಷೇಪವಿದೆ: ನರಸೀಪುರಕ್ಕೆ ಇಂದಿಗೂ ರೈಲಿಲ್ಲ, ಆದರೂ ಅಲ್ಲಿಯವರು ದಸರಾಕ್ಕೆ ಹೋದವರೇ ಅಲ್ಲವೇ? ಹೌದು. ಅದಕ್ಕೇ ರೈಲೇ ಮೂಲ ಕಾರಣವೆಂದು ಹೇಳಲಾಗದು. ಅದು ಬದಲಾಯಿಸಿದ್ದು ಪ್ರವಾಸದ ಅಳತೆಯನ್ನು. ಇಪ್ಪತ್ತೈದು ಕಿಲೋಮೀಟರಿನೊಳಗಿನ ನಂಜನಗೂಡಿಗೆ ಅದು ಒಂದು ಹಗಲಿನ ಮಾತಾಯಿತು. ಮೂವತ್ತು ಕಿಲೋಮೀಟರಿನಷ್ಟು ದೂರದ ನರಸೀಪುರದವರಿಗೆ ಎತ್ತಿನ ಗಾಡಿಯಲ್ಲಿ ಹೋದರೆ ದಾರಿಯಲ್ಲೇ ದಿನ ಕಳೆಯುತ್ತಿತ್ತು. ಬುತ್ತಿ, ಹಾಸಿಗೆ, ಎತ್ತಿಗೆ ಹುಲ್ಲು, ರಾತ್ರಿಗೆ ನೆಂಟರ ಮನೆ ಇಲ್ಲವೇ ಛತ್ರ ಎಲ್ಲ ಬೇಕು. ಮುಡುಕುತೊರೆ ಜಾತ್ರೆಗೆ, ನಂಜನಗೂಡಿನ ದೊಡ್ಡಜಾತ್ರೆಗೆ ಗಾಡಿ ಕಟ್ಟಿ ರೂಢಿಯಿದ್ದವರಿಗೆ ಇದೇನು ಹೊಸದಲ್ಲ. ಕಾಲುವೆ ಬಯಲಿನಲ್ಲಿ ನಾಟಿ ಮುಗಿದು ಕೊಯ್ಲಿಗೆ ಇನ್ನೂ ಸಮಯವಿರುವಾಗ ದಸರಾ ಬರುವುದೂ ಅನುಕೂಲವಾಯಿತು. ಅಂದರೆ ನೋಟವನ್ನು ಸಂಸ್ಥಾನ ಕೊಟ್ಟಿತು, ಹೋಗಿಬರುವ ಕ್ರಮವನ್ನು ಜಾತ್ರೆ ಕಲಿಸಿತ್ತು.

ಇದೆಲ್ಲ ಭಕ್ತಿಯೇ, ದೇವಿಯ ದರ್ಶನಕ್ಕೇ ಜನ ಹೋದದ್ದು ಎನ್ನುವವರಿದ್ದಾರೆ. ಭಕ್ತಿಯನ್ನು ತಳ್ಳಿಹಾಕುವಂತಿಲ್ಲ, ಜನಪದರ ಪಾಲಿಗೆ ಬೆಟ್ಟದ ಚಾಮುಂಡಿ ನಂಜುಂಡನ, ಅಂದರೆ ಶ್ರೀಕಂಠೇಶ್ವರನ, ಪ್ರೇಯಸಿ, ಆ ನಂಟಸ್ತಿಕೆಯಿಂದ ನಂಜನಗೂಡಿನವರಿಗೆ ಆಕೆ ಹೊರಗಿನವಳಲ್ಲ. ಆದರೆ ಊರಲ್ಲೇ ಶ್ರೀಕಂಠೇಶ್ವರ, ಕಾವೇರಿ-ಕಪಿಲೆಯರ ಸಂಗಮದಲ್ಲಿ ಗುಂಜಾ ನರಸಿಂಹ, ಅಗಸ್ತ್ಯೇಶ್ವರ ಇರುವವರಿಗೆ ಪುಣ್ಯಕ್ಕೆಂದೇ ಊರು ಬಿಡಬೇಕಾಗಿರಲಿಲ್ಲ. ಬೆಟ್ಟ ಹತ್ತುವುದು ಪ್ರವಾಸಕ್ಕೆ ಮನೆಯ ಹಿರಿಯರ ಒಪ್ಪಿಗೆ ದೊರಕಿಸುತ್ತಿತ್ತು ಎಂದು ಊಹಿಸಿದರೆ ತಪ್ಪಾಗಲಾರದು. ಮಕ್ಕಳ ಕಣ್ಣು ಮೃಗಾಲಯದ ಮೇಲೇ.

ಇನ್ನು, ಜನ ಬಂದದ್ದು ಅರಸರ ಮೇಲಿನ ನಿಷ್ಠೆಯಿಂದ ಎಂಬ ವಾದ. ಆಡಳಿತದ ಕಚೇರಿಗಳು 1831ರಲ್ಲಿ ಬ್ರಿಟಿಷ್ ಕಮಿಷನರರ ಕೈಗೆ ಹೋದಮೇಲೆ ಬೆಂಗಳೂರಿನಲ್ಲೇ ಬೇರೂರಿದವು, 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದ ಮೇಲೂ ಕದಲಲಿಲ್ಲ. ಮೈಸೂರಿಗೆ ಉಳಿದದ್ದು ಮೆರವಣಿಗೆಯ ರಾಜಧಾನಿತನ. ಆಳುವ ಕೆಲಸ ಕಡಿಮೆಯಾದ ಊರು ನೋಡಿಸುವ ಕೆಲಸಕ್ಕೆ ತೆರವಾಯಿತು. ಜನ ಅರಸರಿಗಾಗಿಯೇ ಬರುತ್ತಿದ್ದರೆ ಅರಸರು ಅಂಬಾರಿಯಿಂದ ಇಳಿದ ವರ್ಷಗಳಲ್ಲಿ ಜಂಬೂಸವಾರಿಯ ದಾರಿ ಖಾಲಿಯಾಗಬೇಕಿತ್ತು. 1971ರಲ್ಲಿ ರಾಜಧನ ರದ್ದಾಯಿತು, ಮುಂದೆ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿ ಕೂತಿತು. ಆದರೂ ನಂಜನಗೂಡು ಕಡೆಯ ಬಸ್ಸುಗಳು ವಿಜಯದಶಮಿಯಂದು ಮೊದಲಿನಷ್ಟೇ ತುಂಬಿ ಬರುತ್ತಿವೆ.